ಏರಿಯಾದಲ್ಲೇ ಒಬ್ಬ ಒಳ್ಳೆ ಎಂಡಿ ಡಾಕ್ಟ್ರನ್ನ ಹುಡುಕಿ ಉಳಿಸ್ಕೊಳ್ಳೋದು ಹೇಗೆ

ರಾತ್ರಿ ಹನ್ನೊಂದು ಗಂಟೆಗೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬರತ್ತೆ, "ಒಳ್ಳೆ ಜನರಲ್ ಫಿಸಿಷಿಯನ್ ಯಾರಾದ್ರೂ ಗೊತ್ತಿದ್ರೆ ಹೇಳ್ರಿ, ಅತ್ತೆಗೆ ಜ್ವರ 103 ಇದೆ, ಅರ್ಜೆಂಟು." ಹತ್ತು ಜನ ಹತ್ತು ಹೆಸರು ಹಾಕ್ತಾರೆ, ಅದರಲ್ಲಿ ಒಬ್ರು ಹಲ್ಲಿನ ಡಾಕ್ಟ್ರು, ಒಬ್ರು ಕ್ಲಿನಿಕ್ ಮುಚ್ಚಿ ಮೈಸೂರಿಗೆ ಹೋಗಿ ಎರಡು ವರ್ಷ ಆಗಿರತ್ತೆ. ಕೊನೆಗೆ ಅತ್ತೆನ ಆಟೋದಲ್ಲಿ ಕೂರಿಸ್ಕೊಂಡು ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ ಆರು ಸಾವಿರ ಬಿಲ್ ಕಟ್ಟಿ ಪ್ಯಾರಾಸಿಟಮಾಲ್ ತಗೊಂಡು ಬರೋದು. ಡಾಕ್ಟ್ರನ್ನ ಹುಡುಕೋ ಟೈಮು ಜ್ವರ ಬಂದಾಗ ಅಲ್ಲ ಕಣ್ರೀ. ಮೈ ಚೆನ್ನಾಗಿದ್ದಾಗ, ತಲೆ ತಣ್ಣಗಿದ್ದಾಗ ಹುಡುಕಿ ಇಟ್ಕೊಬೇಕು.

ನಂಗೆ ಇದು ಅರ್ಥ ಆಗಿದ್ದು ನಮ್ಮಪ್ಪನಿಂದ. ಅಪ್ಪಂಗೆ 74, ಬಿಪಿ ಇದೆ, ಶುಗರ್ ಇದೆ, ಸ್ವಲ್ಪ ಮಂಡಿನೋವು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಾರ್ಟಿಗೆ ಒಬ್ರು, ಶುಗರಿಗೆ ಒಬ್ರು, ಮಂಡಿಗೆ ಒಬ್ರು ಅಂತ ಮೂರು ಡಾಕ್ಟ್ರು ನೋಡ್ತಿದ್ರು, ಮೂರೂ ಜನ ತುಂಬ ಓದಿದೋರೇ, ಆದ್ರೆ ಒಬ್ರು ಬರೆದಿದ್ದನ್ನ ಇನ್ನೊಬ್ರು ತಿರುಗಿಸಿ ನೋಡ್ತಿರಲಿಲ್ಲ. ಒಂದಿನ ಬೆಳಿಗ್ಗೆ ಅಪ್ಪ ಬಾತ್‌ರೂಮಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡು ಕೂತುಬಿಟ್ರು. ಅವತ್ತು ದೂರ ಹೋಗಕ್ಕಾಗದೆ ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮನೆಯಿಂದ ಎರಡು ಕ್ರಾಸ್ ಆಚೆ ಇರೋ ಒಂದು ಚಿಕ್ಕ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ವಿ. ಅಲ್ಲಿದ್ದ ವಯಸ್ಸಾದ ಡಾಕ್ಟ್ರು ಬಿಪಿ ನೋಡಿದ್ರು, ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ. ನಿಂತಾಗ ದಬಕ್ ಅಂತ ಇಳೀತಿತ್ತು. ಆಮೇಲೆ ಅವರು ಕೇಳಿದ್ದು ಒಂದೇ, "ಮನೇಲಿ ಇರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬರ್ತೀರಾ?" ನಾನು ಓಡಿಹೋಗಿ ತಂದೆ. ಟೇಬಲ್ ಮೇಲೆ ಸುರ್ಕೊಂಡು ಒಂದೊಂದೇ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿರೋ ಹೆಸರು ಓದಿದ್ರು. ಒಂದು ಸ್ಟ್ರಿಪ್ಪಲ್ಲಿ ಟೆಲ್ಮಿಸಾರ್ಟಾನ್, ಬಿಪಿ ಇಳಿಸೋ ಔಷಧಿ. ಇನ್ನೊಂದು ಕಂಪನಿಯ ಇನ್ನೊಂದು ಹೆಸರಿನ ಸ್ಟ್ರಿಪ್ಪಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ಆಮ್ಲೋಡಿಪಿನ್, ಅದೂ ಬಿಪಿದೇ. ಅಂದ್ರೆ ಒಂದೇ ಔಷಧಿ ಎರಡು ಹೆಸರಲ್ಲಿ ನಾಲ್ಕು ತಿಂಗಳಿಂದ ಹೊಟ್ಟೆಗೆ ಹೋಗ್ತಿತ್ತು, ಒಂದು ಹಾರ್ಟ್ ಡಾಕ್ಟ್ರದ್ದು, ಇನ್ನೊಂದು ಶುಗರ್ ಡಾಕ್ಟ್ರದ್ದು. ಮಾತ್ರೆ ಬಣ್ಣ ಬೇರೆ ಬೇರೆ ಇದ್ದಿದ್ರಿಂದ ನಮಗೂ ಹೊಳೀಲಿಲ್ಲ.

ಅವತ್ತಿಂದ ನಮ್ಮನೆಗೆ ಒಂದು ಕ್ಲಿನಿಕ್ ಇದೆ. ಬೆಳಿಗ್ಗೆ ಆ ಹಿರಿಯ ಡಾಕ್ಟ್ರು, ಸಾಯಂಕಾಲ ಒಬ್ರು ಮೇಡಂ, ಇಬ್ರದ್ದೂ ಒಂದೇ ಫೈಲು.

ಮೊದಲು ಯಾರನ್ನ ಹುಡುಕ್ತಿದೀವಿ ಅನ್ನೋದು ಕ್ಲಿಯರ್ ಮಾಡ್ಕೊಳಿ. ಎಂಬಿಬಿಎಸ್ ಅಂದ್ರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ಪು. ಅದಾದಮೇಲೆ ಇನ್ನೂ ಮೂರು ವರ್ಷ ದೊಡ್ಡೋರ ಒಳಗಿನ ಕಾಯಿಲೆಗಳನ್ನೇ, ಅಂದ್ರೆ ಹಾರ್ಟು, ಲಂಗ್ಸು, ಕಿಡ್ನಿ, ಲಿವರ್ರು, ಶುಗರ್ರು, ಜ್ವರ ಎಲ್ಲಾನೂ ಒಟ್ಟಿಗೆ ಓದಿದೋರು ಎಂಡಿ ಜನರಲ್ ಮೆಡಿಸಿನ್. ದೊಡ್ಡ ಆಸ್ಪತ್ರೆ ಬೋರ್ಡಲ್ಲಿ ಇವರನ್ನೇ ಇಂಟರ್ನಲ್ ಮೆಡಿಸಿನ್ ಅಂತ ಹಾಕಿರ್ತಾರೆ. ಡಿಎನ್‌ಬಿ ಜನರಲ್ ಮೆಡಿಸಿನ್ ಅಂತಿದ್ರೂ ಅದೇ ಲೆವೆಲ್ಲು. ಎಂಡಿ ಅಂತ ಎರಡಕ್ಷರ ನೋಡಿ ಒಳಗೆ ಹೋಗ್ಬಿಡಬೇಡಿ, ಯಾಕಂದ್ರೆ ಪೆಥಾಲಜಿಗೂ ಎಂಡಿ ಇದೆ, ಫಿಸಿಯಾಲಜಿಗೂ ಇದೆ, ಆಯುರ್ವೇದಕ್ಕೂ ಹೋಮಿಯೋಪತಿಗೂ ಇದೆ, ಅದರ ಪಕ್ಕದಲ್ಲಿ ಏನು ಬರೆದಿದೆ ನೋಡಬೇಕು. ಹಂಗಂತ ಎಂಬಿಬಿಎಸ್ ಒಂದೇ ಮಾಡಿ ಮೂವತ್ತು ವರ್ಷ ಅದೇ ರೋಡಲ್ಲಿ ಕೂತಿರೋ ಡಾಕ್ಟ್ರು ಕಮ್ಮಿ ಅಂತಲ್ಲ, ಎಷ್ಟೋ ಮನೆಗಳ ಮೂರು ತಲೆಮಾರು ಅವರ ಕೈಲೇ ಬೆಳೆದಿದೆ. ಆದ್ರೆ ಮನೇಲಿ ಮೂರ್ನಾಲ್ಕು ಕಾಯಿಲೆ ಒಟ್ಟಿಗೆ ಇರೋ ಹಿರಿಯರಿದ್ರೆ ನಾನಂತೂ ಎಂಡಿ ಮೆಡಿಸಿನ್ ಮಾಡಿದೋರನ್ನೇ ಹುಡುಕ್ತೀನಿ.

ಚೀಟಿ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಇರಬೇಕು, ಕೆಎಂಸಿ ನಂಬರ್ ಅಂತಾರೆ. ಗೋಡೆ ಮೇಲೆ ಕೆಪಿಎಂಇ ಸರ್ಟಿಫಿಕೇಟು ನೇತಾಕಿರಬೇಕು, ಅದು ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ, ಕರ್ನಾಟಕದಲ್ಲಿ ಪ್ರತಿ ಪ್ರೈವೇಟ್ ಕ್ಲಿನಿಕ್ಕೂ ಅದರಡಿ ರಿಜಿಸ್ಟರ್ ಆಗಿರಲೇಬೇಕು, ಚಾರ್ಜ್ ಎಷ್ಟು ಅಂತಾನೂ ಎಲ್ರಿಗೂ ಕಾಣೋ ಹಂಗೆ ಹಾಕ್ಬೇಕು. ಈ ಎರಡೂ ನೋಡೋಕೆ ಅರ್ಧ ನಿಮಿಷ ಸಾಕು, ಟೋಕನ್ ತಗೊಂಡು ಕೂತಿರ್ತೀರಲ್ಲ, ಅವಾಗ ಕಣ್ಣಾಡಿಸಿ.

ಈಗ ಎಲ್ಲಿ ಹುಡುಕೋದು. ಗೂಗಲ್ ಸ್ಟಾರ್ ನೋಡಬೇಡಿ ಅನ್ನಲ್ಲ, ಆದ್ರೆ ಪಾರ್ಕಿಂಗ್ ಇಲ್ಲ ಅಂತ ಒಂದು ಸ್ಟಾರ್ ಕೊಟ್ಟಿರೋರು, ಕೇಳಿದ ತಕ್ಷಣ ಇಂಜೆಕ್ಷನ್ ಕೊಟ್ರು ಅಂತ ಐದು ಸ್ಟಾರ್ ಕೊಟ್ಟಿರೋರು ಎಲ್ಲಾ ಅಲ್ಲೇ ಇರ್ತಾರೆ. ನಂಗೆ ಕೆಲಸಕ್ಕೆ ಬಂದಿದ್ದು ಮೆಡಿಕಲ್ ಶಾಪ್. ಹತ್ತಿರದ ಹಳೇ ಮೆಡಿಕಲ್ ಶಾಪಿನೋರಿಗೆ ಏರಿಯಾದ ಎಲ್ಲಾ ಡಾಕ್ಟ್ರ ಚೀಟಿನೂ ದಿನಾ ಕಣ್ಮುಂದೆ ಬರತ್ತೆ, ಯಾರು ಎರಡು ಮಾತ್ರೆ ಬರೀತಾರೆ, ಯಾರು ಒಂದು ಶೀತಕ್ಕೆ ಏಳು ಬರೀತಾರೆ ಅಂತ ಅವರಿಗೆ ಬಾಯಿಪಾಠ. ಅಂಗಡೀಲಿ ರಶ್ ಇಲ್ಲದೆ ಇರೋವಾಗ ಹೋಗಿ, "ನಿಮ್ಮ ಅಪ್ಪ ಅಮ್ಮನ್ನ ಯಾರ ಹತ್ರ ತೋರಿಸ್ತೀರಾ?" ಅಂತ ಕೇಳಿ. "ಯಾರು ಒಳ್ಳೇ ಡಾಕ್ಟ್ರು?" ಅಂತ ಕೇಳಿದ್ರೆ ಎಲ್ರೂ ಒಳ್ಳೇವ್ರೇ ಸರ್ ಅಂತ ಜಾರ್ಕೋತಾರೆ. ದೂರದ ಲೆಕ್ಕಾನೂ ಹಾಕಿ. ನಡ್ಕೊಂಡು ಹೋಗೋ ಹಂಗಿರಬೇಕು, ಇಲ್ಲಾ ಹತ್ತು ನಿಮಿಷದ ಆಟೋ. ವೈಟ್‌ಫೀಲ್ಡಲ್ಲಿ ಇದ್ಕೊಂಡು ಜಯನಗರದ ಡಾಕ್ಟ್ರು ಚೆನ್ನಾಗಿದಾರೆ ಅಂತ ಹೊರಟ್ರೆ ಸಿಲ್ಕ್ ಬೋರ್ಡ್ ದಾಟೋ ಅಷ್ಟರಲ್ಲಿ ಬಿಪಿ ಇಲ್ಲದೋರಿಗೂ ಬಿಪಿ ಬಂದಿರತ್ತೆ.

ಹೆಸರು ಸಿಕ್ಮೇಲೆ ಒಂದು ಸಣ್ಣ ವಿಷಯಕ್ಕೆ ಟ್ರಯಲ್ ಅಂತ ಹೋಗ್ಬನ್ನಿ. ಬಿಪಿ ನೋಡಿಸೋದು, ಹಳೇ ರಿಪೋರ್ಟ್ ತೋರಿಸೋದು, ಟಿಟಿ ಹಾಕಿಸೋದು, ಏನಾದ್ರೂ ಸರಿ. ಡಾಕ್ಟ್ರು ನಿಮ್ಮನ್ನ ನೋಡ್ತಾರಾ ಕಂಪ್ಯೂಟರ್ ನೋಡ್ತಾರಾ, ಸ್ಟೆತಸ್ಕೋಪು ಬಟ್ಟೆ ಮೇಲೆ ಒಂದ್ಸೆಕೆಂಡ್ ಇಟ್ಟು ತೆಗೀತಾರಾ ಸರಿಯಾಗಿ ಇಟ್ಟು ಕೇಳ್ತಾರಾ, ಮುಂಚೆಯಿಂದ ಏನು ಮಾತ್ರೆ ತಗೋತಿದೀರಿ ಅಂತ ಕೇಳ್ತಾರಾ, ಅಲರ್ಜಿ ಕೇಳ್ತಾರಾ. ನಂಗೆ ತುಂಬ ಮುಖ್ಯ ಅನ್ಸೋದು ಇನ್ನೊಂದು. "ಇದಕ್ಕೆ ಈಗ ಏನೂ ಬೇಡ, ಮೂರು ದಿನ ನೋಡಣ, ಜಾಸ್ತಿ ಆದ್ರೆ ಬನ್ನಿ" ಅಂತ ಹೇಳೋ ಧೈರ್ಯ ಇರೋ ಡಾಕ್ಟ್ರು ಸಿಕ್ರೆ ಬಿಡ್ಬೇಡಿ. ಪೇಷಂಟ್ ಕೈಗೆ ಚೀಟಿ ಕೊಡದೆ ವಾಪಸ್ ಕಳಿಸೋದು ಡಾಕ್ಟ್ರಿಗೆ ಸುಲಭ ಅಲ್ಲ, ದುಡ್ಡು ಕೊಟ್ಟೋರಿಗೆ ಮಾತ್ರೆ ಬೇಕು ಅನ್ಸತ್ತೆ.

ಸುಸ್ತು ಅಂದ ತಕ್ಷಣ ಗ್ಲೂಕೋಸ್ ಏರಿಸೋರು, ಮಾಮೂಲಿ ನೆಗಡಿಗೆ ಮೊದಲ ದಿನಾನೇ ಆಂಟಿಬಯಾಟಿಕ್ ಬರೆಯೋರು, ಈ ಲ್ಯಾಬಲ್ಲೇ ಮಾಡಿಸಬೇಕು ಬೇರೆ ಕಡೆ ರಿಪೋರ್ಟ್ ನಾನು ನೋಡಲ್ಲ ಅನ್ನೋರು, ಇವರನ್ನ ಕಂಡ್ರೆ ನಾನು ಚಪ್ಪಲಿ ಹುಡುಕ್ತೀನಿ, ಮನೆಗೆ ಹೋಗೋಕೆ.

ಡಾಕ್ಟ್ರು ಸಿಕ್ಕಿದ್ರು ಅಂತಿಟ್ಕೊಳಿ. ಇನ್ಮೇಲೆ ಕೆಲಸ ನಮ್ದು. ಅವರ ಹತ್ರ ನಮಗೆ ಸಿಗೋದು ಹತ್ತು ನಿಮಿಷ, ಜಾಸ್ತಿ ಅಂದ್ರೆ ಹದಿನೈದು, ಹೊರಗಡೆ ಇಪ್ಪತ್ತು ಟೋಕನ್ ಕಾಯ್ತಿರತ್ತೆ. ಆ ಹತ್ತು ನಿಮಿಷ ಹಳೇ ಪ್ಲಾಸ್ಟಿಕ್ ಕವರಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಹುಡುಕೋದ್ರಲ್ಲೇ ಕಳೆದ್ರೆ ತಪ್ಪು ಯಾರದ್ದು. ಒಂದು ಫೈಲ್ ಮಾಡಿ, ಹೊಸದು ಮೇಲೆ ಹಳೇದು ಕೆಳಗೆ. ಅದರ ಮುಂದೆ ಒಂದೇ ಒಂದು ಹಾಳೆ, ಕೈಬರಹದಲ್ಲೇ ಸಾಕು: ಹೆಸರು ವಯಸ್ಸು, ಯಾವ ಕಾಯಿಲೆ ಯಾವ ವರ್ಷದಿಂದ, ಯಾವ ಆಪರೇಷನ್, ಯಾವುದಕ್ಕೆ ಅಲರ್ಜಿ, ಈಗ ತಗೋತಿರೋ ಮಾತ್ರೆ ಎಷ್ಟು ಮಿಲಿಗ್ರಾಂ ಯಾವ ಹೊತ್ತಿಗೆ, ಮನೇಲಿ ಯಾರಿಗೆ ಹಾರ್ಟು ಶುಗರ್ರು ಕ್ಯಾನ್ಸರ್ರು ಇತ್ತು. ಮಾತ್ರೆ ಹೆಸರು ಬರೆಯೋವಾಗ ಕಂಪನಿ ಹೆಸರಿನ ಜೊತೆಗೆ ಸ್ಟ್ರಿಪ್ ಹಿಂದೆ ಇರೋ ಔಷಧಿ ಹೆಸರನ್ನೂ ಬರೀರಿ, ನಮ್ಮಪ್ಪನ ಕಥೆ ಕೇಳಿದ್ರಲ್ಲ. ಆ ಹಾಳೆ ಫೋಟೋ ತೆಗೆದು ಮನೇಲಿ ಎಲ್ಲರ ಫೋನಲ್ಲೂ ಇಟ್ಟಿರಿ. ಮತ್ತೆ ವರ್ಷಕ್ಕೊಂದ್ಸಲ ಆದ್ರೂ ಆ ಚೀಲ ಹೊತ್ಕೊಂಡು ಹೋಗಿ, ಮಾತ್ರೆ, ಚೂರ್ಣ, ಕಣ್ಣಿನ ಡ್ರಾಪ್ಸು, ಆನ್‌ಲೈನಲ್ಲಿ ತರಿಸಿದ ಪ್ರೋಟೀನ್ ಡಬ್ಬ ಎಲ್ಲಾ. ನಾಚಿಕೆ ಏನಿಲ್ಲ.

ಬಿಪಿ ಇರೋರ ಮನೇಲಿ ಒಂದು ಮಷೀನ್ ಇರಲಿ, ಮಣಿಕಟ್ಟಿಗೆ ಕಟ್ಟೋದು ಬೇಡ, ತೋಳಿಗೆ ಸುತ್ತೋದು ತಗೊಳಿ, ಪಟ್ಟಿ ಸೈಜು ನಿಮ್ಮ ತೋಳಿಗೆ ಸರಿಹೋಗಬೇಕು. ಬಿಪಿ ನೋಡೋ ವಿಧಾನದಲ್ಲೇ ಎಲ್ರೂ ಎಡವೋದು. ವಾಕಿಂಗ್ ಮುಗಿಸಿ ಬಂದು, ಒಂದು ಲೋಟ ಕಾಫಿ ಹೀರ್ಕೊಂಡು, ಟೀವೀಲಿ ನ್ಯೂಸ್ ನೋಡ್ತಾ, ಕಾಲ್ ಮೇಲೆ ಕಾಲ್ ಹಾಕ್ಕೊಂಡು ನೋಡಿದ್ರೆ ಜಾಸ್ತಿನೇ ಬರತ್ತೆ. ಕಾಫಿ, ಸಿಗರೇಟು, ವ್ಯಾಯಾಮ ಆಗಿ ಅರ್ಧ ಗಂಟೆ ಬಿಡಬೇಕು. ಮೂತ್ರ ಮಾಡಿ ಬರಬೇಕು, ತಡ್ಕೊಂಡಿದ್ರೂ ಬಿಪಿ ಏರತ್ತೆ. ಬೆನ್ನಿಗೆ ಆಸರೆ ಇರೋ ಕುರ್ಚೀಲಿ, ಪಾದ ಎರಡೂ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಿ, ಮಾತಾಡಬೇಡಿ. ತೋಳನ್ನ ಎದೆ ಮಟ್ಟಕ್ಕೆ ಬರೋ ಹಂಗೆ ಟೇಬಲ್ ಮೇಲಿಟ್ಟು, ಪಟ್ಟಿನ ಬರೀ ಕೈಗೆ ಸುತ್ತಿ, ಸ್ವೆಟರ್ ಮೇಲೆ ಅಲ್ಲ. ಒಂದು ರೀಡಿಂಗ್ ತಗೊಂಡು ಒಂದು ನಿಮಿಷ ಬಿಟ್ಟು ಇನ್ನೊಂದು. ಡಾಕ್ಟ್ರ ಹತ್ರ ಹೋಗೋ ಮುಂಚಿನ ಒಂದು ವಾರ ಬೆಳಿಗ್ಗೆ ಸಾಯಂಕಾಲ ಹಿಂಗೆ ಮಾಡಿ, ಮೊದಲ ದಿನದ್ದು ಬಿಟ್ಟು ಉಳಿದಿದ್ದನ್ನ ಸರಾಸರಿ ತೆಗೀರಿ. ಮನೇಲಿ ಸರಾಸರಿ 135/85 ದಾಟಿದ್ರೆ ಜಾಸ್ತಿ ಅಂತ ಲೆಕ್ಕ, ಕ್ಲಿನಿಕ್ಕಲ್ಲಿ ಆ ಗೆರೆ 140/90. ನಮ್ಮಮ್ಮಂಗೆ ಕ್ಲಿನಿಕ್ಕಲ್ಲಿ ಯಾವಾಗ್ಲೂ 160, ಮನೇಲಿ 128, ಡಾಕ್ಟ್ರ ಕುರ್ಚಿ ಕಂಡ್ರೇನೇ ಭಯ ಅವಳಿಗೆ. ಮನೇಲಿ ರೀಡಿಂಗ್ ಬರೆದಿಟ್ಟ ಪುಸ್ತಕ ಇಲ್ಲದೆ ಇದ್ರೆ ಸುಮ್ನೆ ಇನ್ನೊಂದು ಮಾತ್ರೆ ಸೇರ್ಕೊತಿತ್ತು.

ಒಳಗೆ ಹೋದ್ಮೇಲೆ ಮುಖ್ಯವಾದ್ದನ್ನ ಮೊದಲು ಹೇಳಿ. ನಮ್ಮ ಜನ ಕೆಮ್ಮು, ಗ್ಯಾಸು, ಕಾಲು ಜೋಮು ಎಲ್ಲಾ ಹೇಳಿ, ಎದ್ದು ಬಾಗಿಲ ಹತ್ರ ಹೋಗಿ ಹಿಡಿಕೆ ಹಿಡ್ಕೊಂಡು ತಿರುಗಿ, "ಡಾಕ್ಟ್ರೇ, ಹಂಗೇನೇ... ಮೆಟ್ಲು ಹತ್ತುವಾಗ ಸ್ವಲ್ಪ ಎದೆ ಹಿಡ್ದಂಗಾಗತ್ತೆ" ಅಂತಾರೆ. ನಮ್ಮ ಮೇಡಂ ನಗ್ತಾ ಹೇಳ್ತಾರೆ, ಬಾಗಿಲಲ್ಲಿ ಹೇಳೋ ಕಾಯಿಲೆನೇ ನಿಜವಾದ ಕಾಯಿಲೆ ಅಂತ. ಹೋಗೋ ಮುಂಚೆ ಮೂರು ವಿಷಯ ಬರ್ಕೊಳಿ, ಭಯ ಆಗಿರೋದು ಮೇಲಿರಲಿ. ಯಾವತ್ತು ಶುರು ಆಯ್ತು, ಏನು ಮಾಡಿದ್ರೆ ಜಾಸ್ತಿ, ಏನು ಮಾಡಿದ್ರೆ ಕಮ್ಮಿ ಅಂತ ಹೇಳಿದ್ರೆ ಅವರಿಗೆ ಅರ್ಧ ಕೆಲಸ ಆದಂಗೆ. ಅಮ್ಮನ್ನ ಕರ್ಕೊಂಡು ಹೋದಾಗ ಅಮ್ಮನೇ ಮಾತಾಡಲಿ. ಡಾಕ್ಟ್ರು "ಏನಮ್ಮಾ ಆಗ್ತಿದೆ?" ಅಂದ್ರೆ ಪಕ್ಕದಲ್ಲಿರೋ ಮಗಳು "ಅವರಿಗೆ ನಿದ್ದೆ ಬರಲ್ಲ ಡಾಕ್ಟರ್" ಅಂತ ಉತ್ತರ ಕೊಡೋದು, ನಾನೂ ಅದನ್ನೇ ಮಾಡ್ತಿದ್ದೆ, ಒಂದಿನ ಮೇಡಂ ನನ್ನ ಹೊರಗೆ ಕೂರಿಸಿದ್ರು. ಅಮ್ಮ ಒಳಗೆ ಏನು ಹೇಳಿದ್ಲೋ ಇವತ್ತಿಗೂ ಗೊತ್ತಿಲ್ಲ, ನಿದ್ದೆ ಮಾತ್ರ ಸರಿ ಹೋಯ್ತು.

ಮುಚ್ಚಿಡಬೇಡಿ. ಕುಡಿಯೋದು, ಸಿಗರೇಟು, ವಾರದಲ್ಲಿ ಮೂರು ದಿನ ಮಾತ್ರೆ ಮರೆಯೋದು, ಎಲ್ಲಾ ಹೇಳಿ. ಮಾತ್ರೆ ತಗೊಂಡಿಲ್ಲ ಅಂತ ಹೇಳದೆ ಇದ್ರೆ ಅವರು ಮಾತ್ರೆ ಕೆಲಸ ಮಾಡ್ತಿಲ್ಲ ಅಂದ್ಕೊಂಡು ಡೋಸ್ ಏರಿಸ್ತಾರೆ, ಆಮೇಲೆ ನೀವು ಒಂದಿನ ಬುದ್ಧಿ ಬಂದು ಸರಿಯಾಗಿ ತಗೊಂಡ್ರೆ ಬಿಪಿ ಪಾತಾಳಕ್ಕೆ. ಮನೆಮದ್ದೂ ಹೇಳಿ. ಕೆಮ್ಮಿಗೆ ಜ್ಯೇಷ್ಠಮಧು ದಿನಾ ಬಾಯಲ್ಲಿಟ್ಕೊಳ್ಳೋದು ನಮ್ಮಲ್ಲಿ ಮಾಮೂಲಿ, ಅದು ಜಾಸ್ತಿ ದಿನ ಆದ್ರೆ ಬಿಪಿ ಏರಿಸತ್ತೆ, ಪೊಟ್ಯಾಷಿಯಂ ಇಳಿಸತ್ತೆ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ನೋವಿನ ಮಾತ್ರೆ ಇದೆಯಲ್ಲ, ಡೈಕ್ಲೋಫೆನಾಕ್ ಥರದ್ದು, ಅದು ಕೂಡ ಬಿಪಿ ಏರಿಸಿ ಕಿಡ್ನಿಗೆ ಹೊಡೆತ ಕೊಡತ್ತೆ, ಅದರಲ್ಲೂ ಬಿಪಿ ಮಾತ್ರೆ ಜೊತೆ ಸೇರಿದ್ರೆ. ನಮ್ಮಪ್ಪನ ಚೀಲದಲ್ಲಿ ಅದೂ ಇತ್ತು ಅಂತ ಬೇರೆ ಹೇಳಬೇಕಾ.

ಟೆಸ್ಟ್ ವಿಷಯ. ಸಂಕ್ರಾಂತಿ ಆಫರ್ರು, ದಸರಾ ಆಫರ್ರು, 999ಕ್ಕೆ 80 ಟೆಸ್ಟು ಅಂತ ಫೋನ್ ಬರ್ತಾನೇ ಇರತ್ತೆ. ಒಂದು ಲೆಕ್ಕ ಹೇಳ್ತೀನಿ. ರಿಪೋರ್ಟಲ್ಲಿ ನಾರ್ಮಲ್ ರೇಂಜ್ ಅಂತ ಹಾಕ್ತಾರಲ್ಲ, ಅದನ್ನ ಸಾಮಾನ್ಯವಾಗಿ ಆರೋಗ್ಯವಾಗಿರೋ ನೂರು ಜನರಲ್ಲಿ 95 ಜನ ಒಳಗೆ ಬರೋ ಹಂಗೆ ಇಟ್ಟಿರ್ತಾರೆ, ಉಳಿದ ಐದು ಜನ ಏನೂ ಕಾಯಿಲೆ ಇಲ್ಲದೇನೇ ಹೊರಗೆ. ಹಂಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದ್ರೆ ಗಟ್ಟಿಮುಟ್ಟಾಗಿರೋ ಮನುಷ್ಯಂಗೂ ಒಂದಾದ್ರೂ ಕೆಂಪಕ್ಷರದಲ್ಲಿ ಬರೋ ಚಾನ್ಸು ಸುಮಾರು 64 ಪರ್ಸೆಂಟ್. 80 ಮಾಡಿಸಿದ್ರೆ ಬರದೆ ಇದ್ರೇನೇ ಆಶ್ಚರ್ಯ. ಆಮೇಲೆ ಆ ಕೆಂಪಕ್ಷರದ ಹಿಂದೆ ಸ್ಕ್ಯಾನು, ಇನ್ನೊಂದು ಟೆಸ್ಟು, ನಿದ್ದೆ ಇಲ್ಲದ ರಾತ್ರಿ. ಅದಕ್ಕೇ ಮೊದಲು ಡಾಕ್ಟ್ರು, ಆಮೇಲೆ ಟೆಸ್ಟು. ನಿಮ್ಮ ವಯಸ್ಸಿಗೆ, ನಿಮ್ಮ ಮನೆತನದ ಕಾಯಿಲೆಗೆ ಏನು ಬೇಕೋ ಅದನ್ನ ಅವರು ಬರ್ಕೊಡ್ತಾರೆ. ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ, "ಈ ರಿಪೋರ್ಟ್ ಜಾಸ್ತಿ ಬಂದ್ರೆ ಏನು ಮಾಡ್ತೀವಿ, ಕಮ್ಮಿ ಬಂದ್ರೆ ಏನು ಮಾಡ್ತೀವಿ?" ಎರಡಕ್ಕೂ ಉತ್ತರ ಒಂದೇ ಆದ್ರೆ ಆ ಟೆಸ್ಟ್ ಯಾಕೆ.

ಶುಗರ್ ಇರೋರು ಎಚ್‌ಬಿಎ1ಸಿ ಮಾಡಿಸ್ತಾರೆ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ, ಟೆಸ್ಟ್ ಹಿಂದಿನ ದಿನ ಜಾಮೂನು ಬಿಟ್ಟು ಅದನ್ನ ಏಮಾರಿಸಕ್ಕಾಗಲ್ಲ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಡಯಾಬಿಟಿಸ್, 5.7ರಿಂದ 6.4 ತನಕ ಅಂಚಲ್ಲಿದೀರಿ ಅಂತ. ರಕ್ತ ಕಮ್ಮಿ ಇರೋರಿಗೆ ಈ ನಂಬರ್ ದಾರಿ ತಪ್ಪಿಸಬಹುದು, ಅದಕ್ಕೆ ಹಿಮೋಗ್ಲೋಬಿನ್ ಜೊತೆಗಿಟ್ಟು ನೋಡೋ ಡಾಕ್ಟ್ರು ಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋ ಸಸ್ಯಾಹಾರಿಗಳು ಬಿ12 ಬಗ್ಗೆ ಕೇಳಿ, ಆ ಮಾತ್ರೆ ಬಿ12 ಇಳಿಸತ್ತೆ, ಊಟದಲ್ಲೂ ಕಮ್ಮಿ, ಕಾಲು ಜೋಮು ಹಿಡಿದ್ರೆ ಶುಗರ್‌ದೋ ಬಿ12ದೋ ಅಂತ ಗೊಂದಲ. ಥೈರಾಯ್ಡ್ ಮಾತ್ರೆಯೋರಿಗೆ ಒಂದು ಮಾತು, ನಮ್ಮೂರಲ್ಲಿ ಕಣ್ಣು ಬಿಟ್ಟ ತಕ್ಷಣ ಫಿಲ್ಟರ್ ಕಾಫಿ ಬೇಕು, ಆದ್ರೆ ಖಾಲಿ ಹೊಟ್ಟೇಲಿ ನೀರಲ್ಲಿ ಮಾತ್ರೆ ತಗೊಂಡು ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬಾರ್ದು. ಕ್ಯಾಲ್ಸಿಯಂ, ಐರನ್ ಮಾತ್ರೆ ಇದ್ರೆ ನಾಲ್ಕು ಗಂಟೆ ದೂರ ಇಡಿ.

ಈಗ ಮಳೆಗಾಲದ ಜ್ವರ. ಬೆಂಗಳೂರಲ್ಲಿ ಜೂನ್ ಬಂತು ಅಂದ್ರೆ ಡೆಂಗಿ ಭಯ, 2024ರಲ್ಲಂತೂ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತಾನೇ ಘೋಷಣೆ ಮಾಡ್ತು. ಚಿಕ್ಕ ಕ್ಲಿನಿಕ್ಕಿನ ಬೆಲೆ ಗೊತ್ತಾಗೋದೇ ಇಂಥ ಹೊತ್ತಲ್ಲಿ, ಯಾಕಂದ್ರೆ ಡೆಂಗಿಗೆ ಬೇಕಾಗಿರೋದು ದಿನಾ ಒಂದ್ಸಲ ಕಣ್ಣಲ್ಲಿ ನೋಡೋ ಡಾಕ್ಟ್ರು, ಅಡ್ಮಿಟ್ ಆಗಬೇಕಾ ಬೇಡ್ವಾ ಅಂತ ಹೇಳೋರು. ಜ್ವರ ಬಂದ ದಿನಾಂಕ, ಗಂಟೆ ಬರೆದಿಡಿ. ಮೊದಲ ನಾಲ್ಕೈದು ದಿನದಲ್ಲಾದ್ರೆ ಎನ್ಎಸ್1 ಟೆಸ್ಟು, ಐದನೇ ದಿನದ ಮೇಲೆ ಐಜಿಎಂ, ಹೆಚ್ಚುಕಮ್ಮಿ ಹಂಗೆ, ಹಾಗಾಗಿ ಎಷ್ಟನೇ ದಿನ ಅನ್ನೋದು ತಪ್ಪಿದ್ರೆ ರಿಪೋರ್ಟ್ ನೆಗೆಟಿವ್ ಬಂದು ಮೋಸ ಆಗತ್ತೆ. ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಂಥ ನೋವಿನ ಮಾತ್ರೆ ನೀವಾಗೇ ನುಂಗಬೇಡಿ, ರಕ್ತ ಸೋರೋ ಅಪಾಯ ಜಾಸ್ತಿ ಮಾಡತ್ತೆ. ಹಾರ್ಟಿಗೆ ಅಂತ ದಿನಾ ಆಸ್ಪಿರಿನ್ ತಗೊಳ್ಳೋರು ಮೊದಲನೇ ದಿನಾನೇ ಡಾಕ್ಟ್ರನ್ನ ಕೇಳಿ. ಎಲ್ರೂ ಮಾಡೋ ತಪ್ಪು, ನಾಲ್ಕನೇ ದಿನ ಜ್ವರ ಬಿಡ್ತು ಅಂತ ಖುಷಿಪಟ್ಟು ಕ್ಲಿನಿಕ್ಕಿಗೆ ಹೋಗದೆ ಇರೋದು. ಡೆಂಗಿಲಿ ಅಪಾಯ ಶುರು ಆಗೋದೇ ಜ್ವರ ಇಳಿಯೋ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ಹೊಟ್ಟೆ ಒಂದೇ ಸಮ ನೋಯೋದು, ವಾಂತಿ ನಿಲ್ಲದೆ ಇರೋದು, ವಸಡಲ್ಲಿ ಮೂಗಲ್ಲಿ ರಕ್ತ, ಕರೆದ್ರೆ ಸರಿಯಾಗಿ ಮಾತಾಡದೆ ಮಂಕಾಗಿ ಮಲಗಿರೋದು, ಮೂತ್ರ ಕಮ್ಮಿ ಆಗೋದು, ಇದರಲ್ಲಿ ಒಂದು ಕಂಡ್ರೂ ಸೀದಾ ಆಸ್ಪತ್ರೆಗೆ. ಪ್ಲೇಟ್‌ಲೆಟ್ ಒಂದನ್ನೇ ಷೇರು ಮಾರ್ಕೆಟ್ ನೋಡ್ದಂಗೆ ನೋಡ್ತಾ ಕೂರಬೇಡಿ, ರಿಪೋರ್ಟಲ್ಲಿ ಪಿಸಿವಿ ಅಂತ ಇನ್ನೊಂದಿದೆ, ಅಂದ್ರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಅದು ಏರ್ತಿದ್ರೆ ರಕ್ತನಾಳದಿಂದ ನೀರು ಹೊರಗೆ ಸೋರ್ತಿದೆ ಅಂತ ಅರ್ಥ, ಡಾಕ್ಟ್ರು ಅದನ್ನೂ ನೋಡ್ತಾರೆ. ವಿಡಾಲ್ ಪಾಸಿಟಿವ್ ಬಂತು ಟೈಫಾಯ್ಡ್ ಅಂತ ಲ್ಯಾಬಿನೋರೇ ಹೇಳಿದ್ರೂ ಡಾಕ್ಟ್ರ ಹತ್ರ ತೋರಿಸ್ದೆ ಆಂಟಿಬಯಾಟಿಕ್ ಶುರು ಮಾಡಬೇಡಿ, ಒಂದೇ ಒಂದು ವಿಡಾಲ್ ನಂಬೋ ಟೆಸ್ಟಲ್ಲ, ಬ್ಲಡ್ ಕಲ್ಚರ್ ಬೇಕಾಗತ್ತೆ.

ಇಷ್ಟೆಲ್ಲಾ ಹೊಗಳಿ ಈಗ ಉಲ್ಟಾ ಹೇಳ್ತೀನಿ, ಕೆಲವಕ್ಕೆ ನಿಮ್ಮ ಪ್ರೀತಿಯ ಕ್ಲಿನಿಕ್ಕಿಗೆ ಹೋಗಲೇಬೇಡಿ. ಎದೆ ಮಧ್ಯ ಭಾರ ಇಟ್ಟಂಗೆ ನೋವು, ಬೆವರು, ಎಡಗೈಗೋ ದವಡೆಗೋ ಹರಿಯೋ ನೋವು ಬಂದ್ರೆ ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಸಾಯಂಕಾಲದ ಟೋಕನ್ ಕಾಯಬೇಡಿ. ಬಾಯಿ ಒಂದ್ಕಡೆ ಸೊಟ್ಟ ಆಗೋದು, ಒಂದು ಕೈ ಎತ್ತಕ್ಕಾಗದೆ ಇರೋದು, ಮಾತು ತೊದಲೋದು ಅಂದ್ರೆ ಸ್ಟ್ರೋಕು, ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡೋಕೆ ನಾಲ್ಕೂವರೆ ಗಂಟೆ ಒಳಗೆ ತಲುಪಬೇಕು, ಅದರಲ್ಲಿ ಟ್ರಾಫಿಕ್ಕು ಸ್ಕ್ಯಾನಿಂಗು ಎಲ್ಲಾ ಸೇರಿದೆ. 108ಕ್ಕೆ ಫೋನ್ ಮಾಡಿ. ನಿಮ್ಮ ಮನೆಯಿಂದ ಹಾರ್ಟಿಗೆ ಎಲ್ಲಿ, ಸ್ಟ್ರೋಕಿಗೆ ಎಲ್ಲಿ ಹತ್ರ ಅಂತ ಇವತ್ತೇ ಡಾಕ್ಟ್ರನ್ನ ಕೇಳಿ ಫ್ರಿಜ್ ಮೇಲೆ ಬರೆದು ಅಂಟಿಸಿ. ಬನ್ನೇರುಘಟ್ಟ ರೋಡ್ ಕಡೆಯೋರಿಗೆ ಹಾರ್ಟಿಗೆ ಜಯದೇವ, ಹೊಸೂರು ರೋಡ್ ಕಡೆಯೋರಿಗೆ ಸ್ಟ್ರೋಕಿಗೆ ನಿಮ್ಹಾನ್ಸ್ ನೆನಪಾಗತ್ತೆ, ಆದ್ರೆ ನೀವು ಯಲಹಂಕದಲ್ಲಿದ್ರೆ ಲೆಕ್ಕ ಬೇರೆ.

ಸ್ಪೆಷಲಿಸ್ಟ್ ಹತ್ರ ಹೋಗಬೇಕಾದ್ರೆ ನಿಮ್ಮ ಡಾಕ್ಟ್ರಿಂದ ಒಂದು ಚೀಟಿ ಬರೆಸ್ಕೊಂಡು ಹೋಗಿ, ಏನು ಪ್ರಶ್ನೆಗೆ ಉತ್ತರ ಬೇಕು ಅಂತ ಅದರಲ್ಲಿ ಇರಲಿ. ಬಂದ್ಮೇಲೆ ಅವರು ಬರೆದ ಹೊಸ ಮಾತ್ರೆ ಹಳೇ ಮಾತ್ರೆ ಜೊತೆ ಹೊಂದತ್ತಾ ಅಂತ ವಾಪಸ್ ಇವರ ಹತ್ರ ತೋರಿಸಿ. ಅಡ್ಮಿಟ್ ಆಗಿ ಡಿಸ್ಚಾರ್ಜ್ ಆದ ವಾರದಲ್ಲೂ ಅಷ್ಟೇ, ಡಿಸ್ಚಾರ್ಜ್ ಸಮರಿ ಹಿಡ್ಕೊಂಡು ಹೋಗಿ, ಯಾವುದು ನಿಲ್ಲಿಸಬೇಕು ಯಾವುದು ಮುಂದುವರಿಸಬೇಕು ಅನ್ನೋ ಗೊಂದಲ ಹುಟ್ಟೋದು ಆವಾಗ್ಲೇ. ಆಸ್ಪತ್ರೆಯೋರು ರೆಕಾರ್ಡ್ ಕೊಡಲ್ಲ ಅಂದ್ರೆ ಲಿಖಿತವಾಗಿ ಕೇಳಿ, ಅಡ್ಮಿಟ್ ಆಗಿದ್ದೋರ ದಾಖಲೆ ಕೇಳಿದ 72 ಗಂಟೆ ಒಳಗೆ ಕೊಡಬೇಕು ಅಂತ ವೈದ್ಯರ ನಡಾವಳಿಯ 2002ರ ನಿಯಮದಲ್ಲೇ ಇದೆ.

ವಾಟ್ಸಾಪ್. ಡಾಕ್ಟ್ರು ನಂಬರ್ ಕೊಟ್ಟಿದಾರೆ ಅಂದ್ರೆ ಅದು ಮರ್ಯಾದೆ, ಗುಡ್ ಮಾರ್ನಿಂಗ್ ಹೂವಿನ ಫೋಟೋ ಕಳಿಸೋಕಲ್ಲ. ಫೋನಲ್ಲಿ, ಮೆಸೇಜಲ್ಲಿ ಸಲಹೆ ಕೊಡೋಕೆ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಗೈಡ್‌ಲೈನ್ಸಲ್ಲಿ ಅವಕಾಶ ಇದೆ, ಆದ್ರೆ ನೋಡದೆ ಆಗಲ್ಲ ಬನ್ನಿ ಅಂತ ಹೇಳೋ ಹಕ್ಕೂ ಅವರಿಗಿದೆ, ಅಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆನ ಫೋನಲ್ಲಿ ಬರೆಯೋ ಹಂಗೇ ಇಲ್ಲ. ಮೆಸೇಜ್ ಹಾಕೋದಾದ್ರೆ ಒಂದೇ ಮೆಸೇಜಲ್ಲಿ ಹೆಸರು, ವಯಸ್ಸು, ಏನಾಗ್ತಿದೆ, ಎಷ್ಟು ದಿನದಿಂದ, ಜ್ವರ ಬಿಪಿ ನಂಬರ್ರು ಹಾಕಿ, "ಹಾಯ್ ಡಾಕ್ಟರ್" ಅಂತ ಕಳಿಸಿ ಕಾಯಬೇಡಿ. ಉತ್ತರ ಬಂದ್ರೆ ಫೀಸ್ ಎಷ್ಟು ಅಂತ ನೀವೇ ಕೇಳಿ. ಅವರು ಬೇಡ ಅಂದ್ರೂ ಕೇಳಿ.

ದುಡ್ಡು. ನಮ್ಮ ಕ್ಲಿನಿಕ್ಕಲ್ಲಿ 400, ಒಂದು ವಾರದೊಳಗೆ ರಿಪೋರ್ಟ್ ತೋರಿಸೋಕೆ ಬಂದ್ರೆ ಫೀಸಿಲ್ಲ. ನಿಮ್ಮ ಏರಿಯಾದಲ್ಲಿ ಇನ್ನೂ ಜಾಸ್ತಿ ಇರಬಹುದು. ಸಾಮಾನ್ಯ ಹೆಲ್ತ್ ಇನ್ಶೂರೆನ್ಸಲ್ಲಿ ಹೆಚ್ಚಿನವು ಈ ಥರ ಹೊರರೋಗಿ ಖರ್ಚು ಕೊಡಲ್ಲ, ಪಾಲಿಸಿ ಓದಿ. ತಿಂಗಳಾ ತಗೊಳ್ಳೋ ಬಿಪಿ ಶುಗರ್ ಮಾತ್ರೆಗೆ ಜನೌಷಧಿ ಕೇಂದ್ರದಲ್ಲಿ ಸಿಗತ್ತಾ ಅಂತ ಡಾಕ್ಟ್ರನ್ನೇ ಕೇಳಿ, ಬ್ರ್ಯಾಂಡಿನ ಅರ್ಧಕ್ಕಿಂತ ಕಮ್ಮೀಲಿ ಬರೋದು ಎಷ್ಟೋ ಇದೆ. ಅದೂ ಕಷ್ಟ ಅನ್ನೋರಿಗೆ, ಮನೆಕೆಲಸದೋರಿಗೆ ಡ್ರೈವರಿಗೆ ಹೇಳೋಕೆ, ಸರ್ಕಾರದ "ನಮ್ಮ ಕ್ಲಿನಿಕ್" ಅಂತಾನೇ ಇದೆ, 2022ರ ಡಿಸೆಂಬರಲ್ಲಿ ಶುರು ಆಗಿದ್ದು, ಎಂಬಿಬಿಎಸ್ ಡಾಕ್ಟ್ರು ನೋಡ್ತಾರೆ, ಕಾಸಿಲ್ಲ, ಮಾತ್ರೆನೂ ಅಲ್ಲೇ ಕೊಡ್ತಾರೆ.

ಇನ್ನೊಂದು ಮರೀತಿದ್ದೆ, ಕೌಂಟರಲ್ಲಿ ಕೂರೋ ಅಕ್ಕನ್ನ ಚೆನ್ನಾಗಿ ಮಾತಾಡಿಸಿ. ಡಾಕ್ಟ್ರು ಯಾವಾಗ ರಜಾ, ಗೌರಿ ಹಬ್ಬಕ್ಕೆ ಎಷ್ಟು ದಿನ ಬಾಗಿಲು ಹಾಕಿರತ್ತೆ, ಯಾವ ಹೊತ್ತಿಗೆ ಬಂದ್ರೆ ಕಾಯೋದು ಕಮ್ಮಿ, ಎಲ್ಲಾ ಆಕೆಗೇ ಗೊತ್ತು. ಹೋದ ತಿಂಗಳು ಆಕೆ ನಂಗೆ ಮೆತ್ತಗೆ ಹೇಳಿದ್ರು, ದೊಡ್ಡ ಡಾಕ್ಟ್ರು ದೀಪಾವಳಿ ಆದ್ಮೇಲೆ ವಾರಕ್ಕೆ ಮೂರೇ ದಿನ ಬರ್ತಾರಂತೆ, ಮಂಡಿನೋವಂತೆ ಅವರಿಗೂ. ಅಪ್ಪನ್ನ ಈಗ್ಲಿಂದಾನೇ ಸಾಯಂಕಾಲದ ಮೇಡಂ ಹತ್ರ ಕರ್ಕೊಂಡು ಹೋಗ್ತಿದೀನಿ, ದೊಡ್ಡ ಡಾಕ್ಟ್ರು ಇರೋವಾಗ್ಲೇ ಫೈಲು ಕೈ ಬದಲಾಗಲಿ ಅಂತ. ಅಪ್ಪಂಗೆ ಇಷ್ಟ ಇಲ್ಲ, "ಆ ಹುಡುಗಿ ಉಪ್ಪಿನಕಾಯಿ ಬಿಡು ಅಂತಾಳೆ" ಅಂತ ಗೊಣಗ್ತಾ ಚೀಲ ಎತ್ಕೊಂಡು ಹೊರಡ್ತಾರೆ.